ವೈರಸ್ಸೋ, ಆಂಟಿವೈರಸ್ಸೋ, ಎರಡೂ ಅಲ್ಲವೋ: ಮನೆಯ ಕಂಪ್ಯೂಟರಿನ ದೋಷ ಗುರುತಿಸುವ ಕ್ರಮ

ಕಾಸರಗೋಡಿನ ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆಯ ಮನೆಗಳಲ್ಲಿ ಕಂಪ್ಯೂಟರ್ ಹೆಚ್ಚಾಗಿ ಒಂದೇ ಇರುತ್ತದೆ. ಅಡಿಕೆ ತೋಟದ ಲೆಕ್ಕ, ಮಕ್ಕಳ ಶಾಲೆಯ ಪ್ರಾಜೆಕ್ಟು, ಮದುವೆ ಉಪನಯನಗಳ ಫೋಟೋ, ನುಡಿಯಲ್ಲೋ ಬರಹದಲ್ಲೋ ಬೆರಳಚ್ಚು ಮಾಡಿದ ಆಮಂತ್ರಣ ಪತ್ರಿಕೆ, ಎಲ್ಲವೂ ಅದರಲ್ಲೇ. ಅದು ನಿಧಾನವಾದ ದಿನ ಮನೆಯವರ ಬಾಯಿಂದ ಬರುವ ಮೊದಲ ಮಾತು ‘ವೈರಸ್ ಬಂದಿದೆ’ ಎಂಬುದು, ಎರಡನೆಯದು ‘ಫಾರ್ಮ್ಯಾಟ್ ಮಾಡಿಸಬೇಕು’ ಎಂಬುದು. ಪರೀಕ್ಷೆ ನಡೆಯುವ ಮೊದಲೇ ರೋಗದ ಹೆಸರೂ ಮದ್ದೂ ತೀರ್ಮಾನವಾಗಿಬಿಡುತ್ತವೆ. ಫಾರ್ಮ್ಯಾಟ್ ಮಾಡಿದಾಗ ಫೋಟೋಗಳ ಜೊತೆಗೆ ದೋಷದ ಸುಳಿವುಗಳೂ ಅಳಿಸಿಹೋಗುತ್ತವೆ. ದೋಷದ ಮೂಲ ಮೇಜಿನ ಡ್ರಾಯರಿನಲ್ಲಿರುವ ಪೆನ್‌ಡ್ರೈವಿನಲ್ಲಿದ್ದರೆ ಅದು ಸ್ವಲ್ಪ ದಿನದಲ್ಲೇ ಮರಳಿ ಬರುತ್ತದೆ. ವಿಂಡೋಸ್ 10 ಅಥವಾ 11 ಇರುವ ಮನೆಯ ಕಂಪ್ಯೂಟರಿನಲ್ಲಿ ಯಾವುದನ್ನು ಮೊದಲು ನೋಡಬೇಕು, ಯಾವುದನ್ನು ಆಮೇಲೆ ನೋಡಬೇಕು ಎಂಬುದನ್ನು ಇಲ್ಲಿ ವಿವರಿಸಲಾಗಿದೆ. ಈ ಕೆಲಸದಲ್ಲಿ ಬಳಸುವ ಉಪಕರಣಗಳಿಗಿಂತ ಅವನ್ನು ಬಳಸುವ ಅನುಕ್ರಮವೇ ಮುಖ್ಯ.

ಸ್ಕ್ಯಾನ್‌ಗೆ ಮೊದಲು

ಆಂಟಿವೈರಸ್ ಸ್ಕ್ಯಾನ್ ಆರಂಭಿಸುವ ಮೊದಲು ಹಾರ್ಡ್ ಡಿಸ್ಕಿನ ಸ್ಥಿತಿಯನ್ನು ತಿಳಿದುಕೊಳ್ಳಬೇಕು. ಪೂರ್ಣ ಸ್ಕ್ಯಾನ್ ಡಿಸ್ಕಿನ ಪ್ರತಿಯೊಂದು ಕಡತವನ್ನೂ ಓದುತ್ತದೆ. ಸಾಯುವ ಹಂತದಲ್ಲಿರುವ ಡಿಸ್ಕಿಗೆ ಅಷ್ಟು ಕೆಲಸ ಕೊಟ್ಟರೆ ಅದು ಸ್ಕ್ಯಾನ್ ಮುಗಿಯುವ ಮೊದಲೇ ಕೈಕೊಡಬಹುದು. ಮಳೆಗಾಲದ ಉದ್ದಕ್ಕೂ ಮತ್ತೆ ಮತ್ತೆ ಹೋಗಿ ಬರುವ ಕರೆಂಟು, ಯುಪಿಎಸ್ ಇಲ್ಲದ ಡೆಸ್ಕ್‌ಟಾಪುಗಳ ಹಳೆಯ ಡಿಸ್ಕುಗಳನ್ನು ಬಹಳವಾಗಿ ಕೆಡಿಸುತ್ತದೆ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದಾಗ ಡಿಸ್ಕಿನ ಬಳಕೆ ಸದಾ ಶೇ. 100 ತೋರಿಸುತ್ತಿದ್ದು, ವಾಸ್ತವವಾಗಿ ಓದಿ ಬರೆಯುವ ವೇಗ ತೀರಾ ಕಡಿಮೆ ಇದ್ದರೆ, ಜೊತೆಗೆ ಟಿಕ್ ಟಿಕ್ ಎಂಬ ಸದ್ದೂ ಕೇಳಿಸುತ್ತಿದ್ದರೆ, ಸಂಶಯ ವೈರಸ್ಸಿನ ಮೇಲಲ್ಲ, ಡಿಸ್ಕಿನ ಮೇಲೆ ಬರಬೇಕು. ಕ್ರಿಸ್ಟಲ್ ಡಿಸ್ಕ್ ಇನ್ಫೋ ಎಂಬ ಉಚಿತ ತಂತ್ರಾಂಶ ಡಿಸ್ಕು ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ಸ್ಮಾರ್ಟ್ ದಾಖಲೆಯನ್ನು ಓದಿ ತೋರಿಸುತ್ತದೆ. ಅದರಲ್ಲಿ ‘ರೀಅಲೊಕೇಟೆಡ್ ಸೆಕ್ಟರ್ಸ್’ ಅಥವಾ ‘ಕರೆಂಟ್ ಪೆಂಡಿಂಗ್ ಸೆಕ್ಟರ್’ ಸಾಲಿನ ಸಂಖ್ಯೆ, ಅಂದರೆ ಕೆಟ್ಟ ಅಥವಾ ಓದಲಾಗದ ಭಾಗಗಳ ಲೆಕ್ಕ, ಸೊನ್ನೆಗಿಂತ ಮೇಲಿದ್ದು ಏರುತ್ತಲೇ ಇದ್ದರೆ, ಮುಖ್ಯವಾದ ಕಡತಗಳನ್ನು ಬೇರೆಡೆಗೆ ನಕಲು ಮಾಡುವುದನ್ನು ಬಿಟ್ಟು ಇನ್ನಾವ ಕೆಲಸವನ್ನೂ ಆ ಕಂಪ್ಯೂಟರಿನಲ್ಲಿ ಮಾಡಬಾರದು. ಡಿಸ್ಕಿನ ದೋಷ ಹುಡುಕಿ ಸರಿಪಡಿಸುವ ಚೆಕ್ ಡಿಸ್ಕ್ ಆದೇಶವನ್ನು ಓಡಿಸುವುದೂ ಆಮೇಲಿನ ಮಾತು.

ಎರಡನೆಯದಾಗಿ ಪರದೆಯ ಮೂಲೆಯಲ್ಲಿರುವ ದಿನಾಂಕವನ್ನು ನೋಡಬೇಕು. ತೀರಾ ಸಣ್ಣದಾಗಿ ಕಾಣುವ ಈ ವಿಷಯ ಎಷ್ಟೋ ‘ಕೆಟ್ಟ ಆಂಟಿವೈರಸ್’ಗಳ ನಿಜವಾದ ಕಾರಣ. ತುಲಾ ಮಾಸದ ಮಳೆಯಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಶುರುವಾದೊಡನೆ ಪ್ಲಗ್ ಕಿತ್ತಿಡುವುದು ನಮ್ಮ ಕಡೆಯ ರೂಢಿ, ಅದು ಸರಿಯಾದ ರೂಢಿಯೂ ಹೌದು. ಆದರೆ ಪ್ಲಗ್ ಕಿತ್ತಿರುವಷ್ಟು ಹೊತ್ತು ಮದರ್‌ಬೋರ್ಡಿನ ಗಡಿಯಾರ ಅದರೊಳಗಿನ ನಾಣ್ಯದಾಕಾರದ ಸಿಆರ್ 2032 ಬ್ಯಾಟರಿಯಿಂದಲೇ ನಡೆಯಬೇಕು. ಹಾಗಾಗಿ ಆ ಬ್ಯಾಟರಿ ಬೇಗ ಬರಿದಾಗುತ್ತದೆ. ಬರಿದಾದ ಮೇಲೆ ಪ್ರತಿ ಸಲ ಪ್ಲಗ್ ಕಿತ್ತು ಹಾಕಿದಾಗಲೂ ದಿನಾಂಕ ಹಲವು ವರ್ಷ ಹಿಂದಕ್ಕೆ ಹೋಗುತ್ತದೆ. ದಿನಾಂಕ ತಪ್ಪಿದರೆ ಬ್ರೌಸರ್ ಪ್ರತಿಯೊಂದು ಜಾಲತಾಣವನ್ನೂ ಅಸುರಕ್ಷಿತವೆಂದು ತಡೆಯುತ್ತದೆ, ಆಂಟಿವೈರಸ್ ತನ್ನ ಸರ್ವರಿನೊಡನೆ ಸುರಕ್ಷಿತ ಸಂಪರ್ಕ ಸಾಧಿಸಲಾರದೆ ನವೀಕರಣ ವಿಫಲವಾಯಿತೆಂದು ಹೇಳುತ್ತದೆ, ಪರವಾನಗಿ ಊರ್ಜಿತವಾಗಿಲ್ಲವೆಂದೂ ಹೇಳಬಹುದು. ನೋಡುವವರಿಗೆ ಇವೆಲ್ಲ ಅಪ್ಪಟ ವೈರಸ್ ಲಕ್ಷಣಗಳೇ. ವಾಚ್ ಅಂಗಡಿಯಲ್ಲೂ ಸಿಗುವ ಹೊಸ 3 ವೋಲ್ಟ್ ಬ್ಯಾಟರಿಯನ್ನು ಹಾಕಿ, ಸೆಟ್ಟಿಂಗ್ಸ್‌ನ ‘ಡೇಟ್ ಆಂಡ್ ಟೈಮ್’ ಪುಟದಲ್ಲಿ ‘ಸಿಂಕ್ ನೌ’ ಒತ್ತಿದರೆ ಇಡೀ ಸಮಸ್ಯೆ ಅಲ್ಲಿಗೆ ಮುಗಿಯುವುದುಂಟು.

ಮೂರನೆಯದು ಹೆದರಿಸುವ ಪ್ರಕಟಣೆಗಳ ವಿಷಯ. ಪರದೆಯ ಬಲ ಕೆಳಮೂಲೆಯಲ್ಲಿ ‘ನಿಮ್ಮ ಕಂಪ್ಯೂಟರಿನಲ್ಲಿ ವೈರಸ್ ಪತ್ತೆಯಾಗಿದೆ’ ಎಂದು ಪದೇಪದೇ ಬರುವ ಚೌಕ, ಆಂಟಿವೈರಸ್ ಕಂಪನಿಯ ಲಾಂಛನವನ್ನೇ ಹೊತ್ತಿದ್ದರೂ, ಹೆಚ್ಚಿನ ಸಲ ಯಾವುದೋ ಜಾಲತಾಣ ಬ್ರೌಸರ್ ಮೂಲಕ ಕಳುಹಿಸುವ ಜಾಹೀರಾತು ಮಾತ್ರ. ಚೌಕದೊಳಗೆ ಸಣ್ಣ ಅಕ್ಷರದಲ್ಲಿ ಕ್ರೋಮ್ ಅಥವಾ ಎಡ್ಜ್ ಎಂಬ ಹೆಸರೂ ಒಂದು ಅಪರಿಚಿತ ವಿಳಾಸವೂ ಇದ್ದರೆ ಅದು ಬ್ರೌಸರಿನಿಂದ ಬಂದದ್ದೆಂದು ತಿಳಿಯಬೇಕು. ಬ್ರೌಸರಿನ ಸೆಟ್ಟಿಂಗ್ಸ್‌ನಲ್ಲಿ ‘ನೋಟಿಫಿಕೇಶನ್ಸ್’ ಪಟ್ಟಿಯಿಂದ ಆ ವಿಳಾಸವನ್ನು ತೆಗೆದುಹಾಕಿದರೆ ಸಾಕು. ಇಡೀ ಪರದೆಯನ್ನು ಆವರಿಸಿ, ಸೈರನ್ ಕೂಗಿಸಿ, ಫೋನ್ ಸಂಖ್ಯೆಯೊಂದನ್ನು ತೋರಿಸುವ ಪುಟವೂ ಇದೇ ಜಾತಿಯದು. ಎಸ್ಕೇಪ್ ಕೀಲಿಯನ್ನು ಸ್ವಲ್ಪ ಹೊತ್ತು ಒತ್ತಿ ಹಿಡಿದು ಪೂರ್ಣ ಪರದೆಯಿಂದ ಹೊರಬಂದು ಬ್ರೌಸರನ್ನು ಮುಚ್ಚಬೇಕು. ಆ ಸಂಖ್ಯೆಗೆ ಕರೆ ಮಾಡಿ, ಅವರು ಹೇಳಿದ ತಂತ್ರಾಂಶವನ್ನು ಹಾಕಿ ಕಂಪ್ಯೂಟರನ್ನು ಅವರ ಕೈಗೆ ಒಪ್ಪಿಸಿದರೆ ಮಾತ್ರ ನಿಜವಾದ ಅಪಾಯ ಶುರುವಾಗುತ್ತದೆ.

ದೋಷ ಆಂಟಿವೈರಸ್ಸಿನದೇ ಆಗಿದ್ದರೆ

ಹೊಸ ಕಂಪ್ಯೂಟರಿನೊಡನೆ ಒಂದು ವರ್ಷದ ಆಂಟಿವೈರಸ್ ಪೊಟ್ಟಣವನ್ನೂ ಅಂಗಡಿಯಿಂದ ಕೊಂಡುತಂದು, ವರ್ಷ ಕಳೆದ ಮೇಲೆ ಅದನ್ನು ತೆಗೆಯದೆ ಅದರ ಮೇಲೆ ಇನ್ನೊಂದನ್ನು ಹಾಕುವುದು ಬಹಳ ಮನೆಗಳಲ್ಲಿ ನಡೆದಿರುತ್ತದೆ. ಆಂಟಿವೈರಸ್ ಸಾಮಾನ್ಯ ತಂತ್ರಾಂಶದಂತಲ್ಲ. ಕಡತವೊಂದು ತೆರೆಯುವ ಕ್ಷಣದಲ್ಲಿ ವಿಂಡೋಸಿನ ಒಳಪದರದಲ್ಲೇ ಅದನ್ನು ತಡೆದು, ಪರೀಕ್ಷಿಸಿ, ಆಮೇಲೆ ಬಿಡುತ್ತದೆ. ಹೀಗೆ ತಡೆಯುವ ಎರಡು ತಂತ್ರಾಂಶಗಳು ಒಟ್ಟಿಗೆ ಇದ್ದರೆ ಪ್ರತಿಯೊಂದು ಕಡತಕ್ಕೂ ಎರಡೆರಡು ತನಿಖೆ ನಡೆಯುತ್ತದೆ, ಕೆಲವೊಮ್ಮೆ ಒಂದು ಇನ್ನೊಂದರ ಕಡತವನ್ನೇ ಶಂಕಿತವೆಂದು ಹಿಡಿದಿಡುತ್ತದೆ, ನಾಲ್ಕು ಜಿಬಿ ರ‍್ಯಾಮ್ ಇರುವ ಕಂಪ್ಯೂಟರ್ ಅಲ್ಲಾಡದೆ ನಿಲ್ಲುತ್ತದೆ. ವಿಂಡೋಸ್ ಸೆಕ್ಯುರಿಟಿಯ ಸೆಟ್ಟಿಂಗ್ಸ್‌ನಲ್ಲಿರುವ ‘ಮ್ಯಾನೇಜ್ ಪ್ರೊವೈಡರ್ಸ್’ ಪುಟ ಯಾವ ಯಾವ ಆಂಟಿವೈರಸ್‌ಗಳು ನೋಂದಣಿಯಾಗಿವೆ ಎಂಬುದನ್ನು ಹೇಳುತ್ತದೆ. ಬೇರೆ ಆಂಟಿವೈರಸ್ ನೋಂದಣಿಯಾದಾಗ ವಿಂಡೋಸಿನೊಡನೆಯೇ ಬರುವ ಮೈಕ್ರೋಸಾಫ್ಟಿನ ಆಂಟಿವೈರಸ್ ಡಿಫೆಂಡರ್ ತಾನಾಗಿ ಹಿಂದೆ ಸರಿಯುತ್ತದೆ. ಅರ್ಧ ಅಳಿಸಿದ ಹಳೆಯ ಆಂಟಿವೈರಸ್ಸಿನ ಅವಶೇಷ ಮಾತ್ರ ಉಳಿದಿದ್ದರೆ, ಕಾವಲಿಗೆ ಒಬ್ಬರಿದ್ದಾರೆಂದು ವಿಂಡೋಸ್ ನಂಬಿರುತ್ತದೆ, ವಾಸ್ತವದಲ್ಲಿ ಯಾರೂ ಇರುವುದಿಲ್ಲ.

ಇದಕ್ಕೆ ಪರಿಹಾರ ಕಂಟ್ರೋಲ್ ಪ್ಯಾನೆಲಿನ ಮೂಲಕ ಅನ್‌ಇನ್‌ಸ್ಟಾಲ್ ಮಾಡುವುದಷ್ಟೇ ಅಲ್ಲ. ಪುಣೆಯ ಕ್ವಿಕ್ ಹೀಲ್ ಇರಲಿ, ನಾರ್ಟನ್, ಮ್ಯಾಕಫಿ, ಕ್ಯಾಸ್ಪರ್‌ಸ್ಕಿ, ಅವಾಸ್ಟ್, ಇಸೆಟ್ ಇರಲಿ, ಅವಶೇಷಗಳನ್ನು ಬುಡಸಹಿತ ತೆಗೆಯುವ ಪ್ರತ್ಯೇಕ ರಿಮೂವಲ್ ಟೂಲನ್ನು ಆಯಾ ಕಂಪನಿಯೇ ಉಚಿತವಾಗಿ ಕೊಡುತ್ತದೆ. ಅದನ್ನು ಕಂಪನಿಯ ತಾಣದಿಂದಲೇ ಇಳಿಸಿಕೊಳ್ಳಬೇಕು. ಸಾಮಾನ್ಯ ಸ್ಥಿತಿಯಲ್ಲಿ ಅದು ಕೆಲಸ ಮಾಡದಿದ್ದರೆ ಅತ್ಯಗತ್ಯ ತಂತ್ರಾಂಶಗಳಷ್ಟೇ ಲೋಡ್ ಆಗುವ ಸೇಫ್ ಮೋಡಿಗೆ ಹೋಗಬೇಕು. ಶಿಫ್ಟ್ ಕೀಲಿಯನ್ನು ಒತ್ತಿ ಹಿಡಿದು ರೀಸ್ಟಾರ್ಟ್ ಆಯ್ದರೆ ನೀಲಿ ಪರದೆ ಬರುತ್ತದೆ. ಅಲ್ಲಿ ಟ್ರಬಲ್‌ಶೂಟ್, ಅಡ್ವಾನ್ಸ್‌ಡ್ ಆಪ್ಷನ್ಸ್, ಸ್ಟಾರ್ಟಪ್ ಸೆಟ್ಟಿಂಗ್ಸ್ ದಾರಿಯಲ್ಲಿ ಹೋಗಿ ಮತ್ತೆ ರೀಸ್ಟಾರ್ಟ್ ಮಾಡಿದ ಮೇಲೆ 4ನೇ ಸಂಖ್ಯೆ ಒತ್ತಬೇಕು. ಡಿಸ್ಕ್ ಗೂಢಲಿಪೀಕರಣ ಚಾಲೂ ಇರುವ ಲ್ಯಾಪ್‌ಟಾಪುಗಳು ಇಲ್ಲಿ ಬಿಟ್‌ಲಾಕರ್ ರಿಕವರಿ ಕೀ ಕೇಳಬಹುದು. ಆ 48 ಅಂಕಿಗಳು ಸಾಮಾನ್ಯವಾಗಿ ಮೈಕ್ರೋಸಾಫ್ಟ್ ಖಾತೆಯಲ್ಲಿ ಉಳಿದಿರುತ್ತವೆ. ಸೇಫ್ ಮೋಡಿಗೆ ಹೋಗುವ ಮೊದಲೇ ಅವನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳುವುದು ಲೇಸು.

ಆಂಟಿವೈರಸ್ಸಿನ ಒಂದು ತಪ್ಪು ನವೀಕರಣವೇ ಕಂಪ್ಯೂಟರನ್ನು ಏಳದಂತೆ ಮಾಡುವುದು ಅಪರೂಪ, ಆದರೆ ಅದು ನಡೆದಿದೆ. 2010ರ ಏಪ್ರಿಲ್ 21ರಂದು ಮ್ಯಾಕಫಿಯ ನವೀಕರಣವೊಂದು ವಿಂಡೋಸ್ ಎಕ್ಸ್‌ಪಿಯ ಅತ್ಯಗತ್ಯ ಕಡತವಾದ ಎಸ್‌ವಿಸಿಹೋಸ್ಟನ್ನು ವೈರಸ್ ಎಂದು ಭಾವಿಸಿ ತೆಗೆದುಹಾಕಿದಾಗ ಅಸಂಖ್ಯ ಕಂಪ್ಯೂಟರುಗಳು ಮತ್ತೆ ಮತ್ತೆ ರೀಸ್ಟಾರ್ಟ್ ಆಗತೊಡಗಿದವು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಸಂಸ್ಥೆಯ ದೋಷಪೂರ್ಣ ಕಡತ, ಮೈಕ್ರೋಸಾಫ್ಟಿನ ಅಂದಾಜಿನಂತೆ 85 ಲಕ್ಷ ಯಂತ್ರಗಳನ್ನು ನೀಲಿ ಪರದೆಯಲ್ಲಿ ನಿಲ್ಲಿಸಿತು. ಆ ತಂತ್ರಾಂಶ ಕಂಪನಿಗಳಲ್ಲಿ ಬಳಕೆಯಾಗುವಂಥದ್ದು, ಮನೆಯದಲ್ಲ. ಆದರೂ ಪಾಠ ಒಂದೇ. ನಿನ್ನೆಯವರೆಗೆ ಸರಿಯಿದ್ದ ಕಂಪ್ಯೂಟರ್ ಆಂಟಿವೈರಸ್ ನವೀಕರಣವಾದ ಕೂಡಲೇ ಕೆಟ್ಟರೆ, ಸೇಫ್ ಮೋಡಿನಲ್ಲಿ ಆ ಆಂಟಿವೈರಸ್ಸನ್ನು ತೆಗೆದು ನೋಡಬೇಕು. ಸೇಫ್ ಮೋಡಿನಲ್ಲಿ ಕಂಪ್ಯೂಟರ್ ಸರಾಗವಾಗಿ ನಡೆದರೆ ದೋಷ ಯಂತ್ರದ್ದಲ್ಲ, ಅಲ್ಲಿ ಲೋಡ್ ಆಗದೆ ಹೊರಗುಳಿದ ಯಾವುದೋ ತಂತ್ರಾಂಶದ್ದು ಎಂಬುದಂತೂ ಹೆಚ್ಚುಕಡಿಮೆ ಖಚಿತವಾಗುತ್ತದೆ.

ನಿರಪರಾಧಿ ಕಡತವನ್ನು ಹಿಡಿಯುವ ದೋಷವೂ ಇದೆ. ಕನ್ನಡ ಬೆರಳಚ್ಚಿನ ತಂತ್ರಾಂಶಗಳು ಕೀಲಿಯ ಪ್ರತಿಯೊಂದು ಒತ್ತನ್ನೂ ನಡುವೆ ತಡೆದು ಕನ್ನಡ ಅಕ್ಷರವಾಗಿ ಬದಲಿಸುತ್ತವೆ. ಗುಪ್ತಪದ ಕದಿಯುವ ಕೀಲಾಗರ್‌ಗಳೂ ಒತ್ತುಗಳನ್ನು ತಡೆಯುವುದು ಅದೇ ಬಗೆಯಲ್ಲಿ. ನಡವಳಿಕೆಯನ್ನು ನೋಡಿ ತೀರ್ಪು ಕೊಡುವ ಆಂಟಿವೈರಸ್ಸಿಗೆ ಎರಡರ ನಡುವಿನ ವ್ಯತ್ಯಾಸ ತಿಳಿಯದೆ ಹೋಗಬಹುದು. ಅಂಥ ಕಡತವನ್ನು ವೈರಸ್‌ಟೋಟಲ್ ತಾಣಕ್ಕೆ ಏರಿಸಿದರೆ ಹಲವಾರು ಆಂಟಿವೈರಸ್‌ಗಳ ಅಭಿಪ್ರಾಯ ಒಟ್ಟಿಗೆ ದೊರೆಯುತ್ತದೆ. ಒಂದೆರಡು ಮಾತ್ರ, ಅದೂ ‘ಜೆನೆರಿಕ್’, ‘ಹ್ಯೂರಿಸ್ಟಿಕ್’ ಎಂಬ ಅಸ್ಪಷ್ಟ ಹೆಸರಿನಲ್ಲಿ ಸಂಶಯಿಸಿದರೆ, ಮತ್ತು ಕಡತ ಮೂಲ ತಾಣದಿಂದಲೇ ಬಂದದ್ದಾದರೆ, ತಪ್ಪು ಆಂಟಿವೈರಸ್ಸಿನದೆಂದು ಇಟ್ಟುಕೊಂಡು ‘ಪ್ರೊಟೆಕ್ಷನ್ ಹಿಸ್ಟರಿ’ಯಿಂದ ಮರಳಿ ಪಡೆಯಬಹುದು. ಆ ತಾಣಕ್ಕೆ ಏರಿಸಿದ ಕಡತಗಳು ಇತರ ಸಂಶೋಧಕರಿಗೂ ದೊರೆಯುವುದರಿಂದ ಆಧಾರ್ ಪ್ರತಿ, ಜಾಗದ ದಾಖಲೆಗಳಂಥವನ್ನು ಅಲ್ಲಿ ಹಾಕಬಾರದು.

ಪೆನ್‌ಡ್ರೈವ್

ಮನೆಗೆ ಬರುವ ವೈರಸ್‌ಗಳಲ್ಲಿ ನಮ್ಮ ಕಡೆ ಹೆಚ್ಚಾಗಿ ಕಾಣುವುದು ಈಗಲೂ ಶಾರ್ಟ್‌ಕಟ್ ವೈರಸ್ಸೇ. ಝೆರಾಕ್ಸ್ ಅಂಗಡಿಗೋ ಸ್ಟುಡಿಯೋಗೋ ಹೋಗಿ ಬಂದ ಪೆನ್‌ಡ್ರೈವನ್ನು ತೆರೆದಾಗ ಫೋಲ್ಡರುಗಳ ಮೂಲೆಯಲ್ಲಿ ಸಣ್ಣ ಬಾಣದ ಗುರುತು ಇರುತ್ತದೆ, ಇಲ್ಲವೇ ಎಲ್ಲವೂ ಮಾಯವಾಗಿ ಡ್ರೈವಿನ ಹೆಸರಿನದೇ ಒಂದು ಶಾರ್ಟ್‌ಕಟ್ ಮಾತ್ರ ಉಳಿದಿರುತ್ತದೆ. ಕಡತಗಳು ಅಳಿಸಿರುವುದಿಲ್ಲ. ವೈರಸ್ ಅವುಗಳಿಗೆ ‘ಹಿಡನ್’ ಮತ್ತು ‘ಸಿಸ್ಟಮ್’ ಎಂಬ ಗುಣಗಳನ್ನು ಹಚ್ಚಿ ಮರೆಮಾಡಿ, ಅವುಗಳ ಜಾಗದಲ್ಲಿ ತನ್ನನ್ನೇ ಓಡಿಸುವ ಶಾರ್ಟ್‌ಕಟ್ಟುಗಳನ್ನು ಇಟ್ಟಿರುತ್ತದೆ. ಶಾರ್ಟ್‌ಕಟ್ಟಿನ ಮೇಲೆ ಬಲ ಕ್ಲಿಕ್ ಮಾಡಿ ಪ್ರಾಪರ್ಟೀಸ್‌ನಲ್ಲಿ ‘ಟಾರ್ಗೆಟ್’ ಸಾಲನ್ನು ಓದಿದರೆ, ಫೋಲ್ಡರಿನ ದಾರಿಯ ಬದಲು ಆದೇಶಗಳನ್ನು ಓಡಿಸುವ ಸಿಎಂಡಿ ಅಥವಾ ಡಬ್ಲ್ಯೂಸ್ಕ್ರಿಪ್ಟ್ ಎಂಬ ತಂತ್ರಾಂಶದ ಹೆಸರು ಕಾಣುತ್ತದೆ. ರೋಗನಿರ್ಣಯಕ್ಕೆ ಅಷ್ಟು ಸಾಕು. ಡಬಲ್ ಕ್ಲಿಕ್ ಮಾಡಿದವರಿಗೆ ಫೋಲ್ಡರ್ ಎಂದಿನಂತೆ ತೆರೆದುಕೊಳ್ಳುತ್ತದೆ, ಜೊತೆಗೆ ವೈರಸ್ ಕಂಪ್ಯೂಟರಿಗೂ ಇಳಿಯುತ್ತದೆ. ಹಾಗಾಗಿಯೇ ಅದು ಬಂದದ್ದು ಬೇಗ ಗೊತ್ತಾಗುವುದಿಲ್ಲ.

ಕಾಸರಗೋಡಿನವರಿಗೆ ಇದರಲ್ಲಿ ಒಂದು ಅನುಕೂಲವಿದೆ. ಕೇರಳದ ಸರಕಾರಿ ಮತ್ತು ಅನುದಾನಿತ ಶಾಲೆಗಳ ಕಂಪ್ಯೂಟರುಗಳಲ್ಲಿ ರಾಜ್ಯ ಸರಕಾರದ ಶಿಕ್ಷಣ ತಂತ್ರಜ್ಞಾನ ಸಂಸ್ಥೆಯಾದ ಕೈಟ್ ಸಿದ್ಧಪಡಿಸಿದ, ವಿಂಡೋಸಿನ ಬದಲಿಗೆ ಬಳಸುವ ಲಿನಕ್ಸ್ ಇದೆ. ಮನೆಯಲ್ಲಿ ಅಧ್ಯಾಪಕರೊಬ್ಬರಿದ್ದರೆ ಅಂಥ ಲ್ಯಾಪ್‌ಟಾಪ್ ಕಣ್ಣಿಗೆ ಬಿದ್ದೇ ಇರುತ್ತದೆ. ವಿಂಡೋಸಿನ ‘ಹಿಡನ್’ ಗುಣಕ್ಕೆ ಲಿನಕ್ಸ್ ಬೆಲೆ ಕೊಡುವುದಿಲ್ಲವಾದ್ದರಿಂದ ಅದೇ ಪೆನ್‌ಡ್ರೈವನ್ನು ಅಲ್ಲಿ ಹಾಕಿದರೆ ಅಡಗಿದ್ದ ಫೋಲ್ಡರುಗಳೂ ಎಲ್‌ಎನ್‌ಕೆ ಎಂದು ಕೊನೆಯಾಗುವ ಶಾರ್ಟ್‌ಕಟ್ಟುಗಳೂ ವೈರಸ್ಸಿನ ಮೂಲ ಕಡತವೂ ಒಟ್ಟಿಗೆ ಬಯಲಾಗುತ್ತವೆ, ವಿಂಡೋಸಿಗಾಗಿ ಬರೆದ ಆ ವೈರಸ್ ಅಲ್ಲಿ ಓಡುವುದೂ ಇಲ್ಲ. ಅಲ್ಲಿಂದ ದಾಖಲೆ ಮತ್ತು ಚಿತ್ರಗಳನ್ನಷ್ಟೇ ಬೇರೊಂದು ಶುದ್ಧ ಪೆನ್‌ಡ್ರೈವಿಗೆ ನಕಲು ಮಾಡಿ, ಹಳೆಯದನ್ನು ಅಲ್ಲೇ ಫಾರ್ಮ್ಯಾಟ್ ಮಾಡುವುದು ನನಗೆ ತಿಳಿದ ಅತ್ಯಂತ ನಿಶ್ಚಿಂತೆಯ ದಾರಿ. ಶಾಲೆಯ ಕಂಪ್ಯೂಟರಿಗೆ ರೋಗ ತಗುಲದಿದ್ದರೂ ಫಾರ್ಮ್ಯಾಟ್ ಮಾಡುವವರೆಗೆ ಪೆನ್‌ಡ್ರೈವಿನಲ್ಲಿ ರೋಗ ಉಳಿದೇ ಇರುತ್ತದೆ ಎಂಬುದನ್ನು ಮಾತ್ರ ಮರೆಯಬಾರದು.

ಲಿನಕ್ಸ್ ಸಿಗದಿದ್ದರೆ ಕಮಾಂಡ್ ಪ್ರಾಂಪ್ಟಿನಲ್ಲಿ ಅಟ್ರಿಬ್ ಆದೇಶಕ್ಕೆ ಮೈನಸ್ ಎಚ್, ಮೈನಸ್ ಆರ್, ಮೈನಸ್ ಎಸ್ ಎಂಬ ಮೂರು ಗುರುತುಗಳನ್ನೂ, ಒಳಗಿನ ಫೋಲ್ಡರುಗಳಿಗೂ ಅನ್ವಯಿಸಲು ಓರೆಗೆರೆಯೊಡನೆ ಎಸ್ ಮತ್ತು ಡಿ ಗುರುತುಗಳನ್ನೂ ಸೇರಿಸಿ ಪೆನ್‌ಡ್ರೈವಿನ ಮೇಲೆ ಓಡಿಸಿದರೆ ಅಡಗಿದ ಕಡತಗಳು ಮೇಲೆ ಬರುತ್ತವೆ. ಆದರೆ ಮೊದಲು ಶುದ್ಧವಾಗಬೇಕಾದದ್ದು ಕಂಪ್ಯೂಟರ್, ಆಮೇಲೆ ಪೆನ್‌ಡ್ರೈವ್. ಕ್ರಮ ತಿರುವುಮುರುವಾದರೆ ಪೆನ್‌ಡ್ರೈವ್ ಚುಚ್ಚಿದ ಕೆಲವೇ ಕ್ಷಣಗಳಲ್ಲಿ ಶಾರ್ಟ್‌ಕಟ್ಟುಗಳು ಮತ್ತೆ ಹುಟ್ಟಿಕೊಳ್ಳುತ್ತವೆ. ಟಾಸ್ಕ್ ಮ್ಯಾನೇಜರಿನಲ್ಲಿ ಡಬ್ಲ್ಯೂಸ್ಕ್ರಿಪ್ಟ್ ಕಾರಣವಿಲ್ಲದೆ ಓಡುತ್ತಿದ್ದರೆ ಅದನ್ನು ನಿಲ್ಲಿಸಿ, ಸ್ಟಾರ್ಟಪ್ ಪಟ್ಟಿಯಲ್ಲಿಯೂ ಟೆಂಪ್ ಮತ್ತು ಆ್ಯಪ್‌ಡೇಟಾ ಫೋಲ್ಡರುಗಳಲ್ಲಿಯೂ ಅರ್ಥವಿಲ್ಲದ ಹೆಸರಿನ ಸ್ಕ್ರಿಪ್ಟ್ ಕಡತ ಇದೆಯೇ ಎಂದು ಹುಡುಕಬೇಕು. ಮೈಕ್ರೋಸಾಫ್ಟ್ ಉಚಿತವಾಗಿ ಕೊಡುವ ಆಟೋರನ್ಸ್ ಉಪಕರಣ, ಕಂಪ್ಯೂಟರಿನೊಡನೆ ತಾವೇ ಎದ್ದೇಳುವ ಎಲ್ಲವನ್ನೂ ಒಂದೇ ಪಟ್ಟಿಯಲ್ಲಿ ತೋರಿಸುವುದರಿಂದ ಈ ಹುಡುಕಾಟ ಬಹಳ ಸುಲಭವಾಗುತ್ತದೆ.

ಬಿಟ್ಟುಕೊಟ್ಟ ಬಾಗಿಲು

ಸ್ಕ್ಯಾನ್ ಏನನ್ನೂ ಹಿಡಿಯುತ್ತಿಲ್ಲ, ಕಂಪ್ಯೂಟರ್ ಮಾತ್ರ ಸರಿಯಿಲ್ಲ ಎಂಬ ಸ್ಥಿತಿಯಲ್ಲಿ ಮೊದಲು ತೆರೆಯಬೇಕಾದದ್ದು ವಿಂಡೋಸ್ ಸೆಕ್ಯುರಿಟಿಯ ‘ಎಕ್ಸ್‌ಕ್ಲೂಷನ್ಸ್’ ಪಟ್ಟಿ. ಆ ಪಟ್ಟಿಯಲ್ಲಿರುವ ಜಾಗಗಳನ್ನು ಡಿಫೆಂಡರ್ ಪರೀಕ್ಷಿಸುವುದೇ ಇಲ್ಲ. ಕಳ್ಳ ವಿಂಡೋಸ್ ಅಥವಾ ಕಳ್ಳ ಆಫೀಸ್ ಹಾಕುವಾಗ ಬಳಸುವ ಆಕ್ಟಿವೇಟರುಗಳು ‘ಮೊದಲು ಆಂಟಿವೈರಸ್ ಆಫ್ ಮಾಡಿ’ ಎಂದು ಕೇಳಿಕೊಳ್ಳುವುದು ಎಲ್ಲರಿಗೂ ಗೊತ್ತು. ಅವುಗಳಲ್ಲಿ ಎಷ್ಟೋ ತಮ್ಮ ಫೋಲ್ಡರನ್ನು, ಕೆಲವು ಇಡೀ ಸಿ ಡ್ರೈವನ್ನೇ ಈ ಪಟ್ಟಿಗೆ ಸೇರಿಸಿಬಿಡುತ್ತವೆ ಎಂಬುದು ಹೆಚ್ಚಿನವರಿಗೆ ಗೊತ್ತಿಲ್ಲ. ಸಿ ಡ್ರೈವ್ ಪಟ್ಟಿಯಲ್ಲಿದ್ದರೆ ಎಷ್ಟು ಸಲ ಸ್ಕ್ಯಾನ್ ಮಾಡಿದರೂ ‘ಯಾವ ಅಪಾಯವೂ ಇಲ್ಲ’ ಎಂಬ ಉತ್ತರವೇ ಬರುತ್ತದೆ. ಮನೆಯ ಕಂಪ್ಯೂಟರಿನಲ್ಲಿ ‘ಈ ಸೆಟ್ಟಿಂಗನ್ನು ನಿಮ್ಮ ನಿರ್ವಾಹಕರು ನಿರ್ವಹಿಸುತ್ತಿದ್ದಾರೆ’ ಎಂಬರ್ಥದ ಇಂಗ್ಲಿಷ್ ಸಾಲು ಕಾಣಿಸಿದರೆ, ಡಿಫೆಂಡರಿನ ಸೆಟ್ಟಿಂಗ್ಸನ್ನು ಬೇರೆ ತಂತ್ರಾಂಶ ಬದಲಿಸದಂತೆ ಕಾಯುವ ‘ಟ್ಯಾಂಪರ್ ಪ್ರೊಟೆಕ್ಷನ್’ ಆಫ್ ಆಗಿದ್ದರೆ, ಅವೂ ಅಷ್ಟೇ ಗಂಭೀರ ಸೂಚನೆಗಳು. ನೋಟ್‌ಪ್ಯಾಡಿನಲ್ಲಿ ಜಾಲತಾಣದ ಹೆಸರುಗಳನ್ನು ಬೇರೆಡೆಗೆ ತಿರುಗಿಸಬಲ್ಲ ಹೋಸ್ಟ್ಸ್ ಕಡತವನ್ನು ತೆರೆದಾಗ ಆಂಟಿವೈರಸ್ ಕಂಪನಿಗಳ ವಿಳಾಸಗಳು ಅಲ್ಲಿ ಸಾಲಾಗಿ ಕಂಡರೆ, ನವೀಕರಣ ಏಕೆ ಆಗುತ್ತಿರಲಿಲ್ಲ ಎಂಬುದಕ್ಕೆ ಉತ್ತರ ಸಿಕ್ಕಿತು.

ಎಕ್ಸ್‌ಕ್ಲೂಷನ್‌ಗಳನ್ನು ತೆಗೆದ ಮೇಲೆ ಸಾಮಾನ್ಯ ಸ್ಕ್ಯಾನ್‌ಗಿಂತ ‘ಮೈಕ್ರೋಸಾಫ್ಟ್ ಡಿಫೆಂಡರ್ ಆಫ್‌ಲೈನ್ ಸ್ಕ್ಯಾನ್’ ಆಯ್ದುಕೊಳ್ಳಬೇಕು. ಅದು ವಿಂಡೋಸ್ ಏಳುವ ಮೊದಲೇ ನಡೆಯುವುದರಿಂದ, ವಿಂಡೋಸಿನ ಮರೆಯಲ್ಲಿ ಅಡಗುವ ವೈರಸ್ಸಿಗೆ ಅಡಗಲು ಜಾಗವಿರುವುದಿಲ್ಲ. ಸುಮಾರು 15 ನಿಮಿಷ ಹಿಡಿಯುತ್ತದೆ. ಎರಡನೆಯ ಅಭಿಪ್ರಾಯ ಬೇಕೆನಿಸಿದರೆ ಕೇಂದ್ರ ಸರಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್ 2017ರಿಂದ ನಡೆಸುತ್ತಿರುವ ಸೈಬರ್ ಸ್ವಚ್ಛತಾ ಕೇಂದ್ರದಲ್ಲಿ ಉಚಿತ ಶುದ್ಧೀಕರಣ ಉಪಕರಣಗಳಿವೆ. ವಿಂಡೋಸಿನ ಕಡತಗಳಿಗೇ ಹಾನಿಯಾಗಿದ್ದರೆ ಡಿಸಮ್ ಮತ್ತು ಎಸ್‌ಎಫ್‌ಸಿ ಆದೇಶಗಳು ಅವನ್ನು ಮರಳಿ ಕೂಡಿಸುತ್ತವೆ.

ಆಂಟಿವೈರಸ್ ಹೊಸದಾಗಿದ್ದರೆ ಕಂಪ್ಯೂಟರ್ ಸುರಕ್ಷಿತ ಎಂಬ ನಂಬಿಕೆಯೂ ಪೂರ್ತಿ ಸರಿಯಲ್ಲ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಡಿಫೆಂಡರಿನ ವೈರಸ್ ಪಟ್ಟಿ ಅದಕ್ಕೆ 2028ರ ಅಕ್ಟೋಬರ್‌ವರೆಗೂ ಬರುತ್ತದೆಂದು ಮೈಕ್ರೋಸಾಫ್ಟ್ ಹೇಳಿದ್ದರೂ, ವಿಸ್ತರಿತ ಭದ್ರತಾ ನವೀಕರಣಕ್ಕೆ ನೋಂದಾಯಿಸದ ಕಂಪ್ಯೂಟರುಗಳಲ್ಲಿ ವಿಂಡೋಸಿನ ಒಳಗಿನ ಬಿರುಕುಗಳು ಮುಚ್ಚದೆ ಉಳಿಯುತ್ತವೆ. 2017ರ ಮೇ ತಿಂಗಳಲ್ಲಿ ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ವಾನಾಕ್ರೈ ಹಬ್ಬಿದಾಗ ವಯನಾಡಿನ ತರಿಯೋಡು ಪಂಚಾಯತ್ ಕಚೇರಿಯ ಕಂಪ್ಯೂಟರುಗಳೂ ಅದಕ್ಕೆ ಸಿಲುಕಿದ್ದವು. ಅದು ನುಸುಳಿದ ಬಿರುಕಿಗೆ ಮೈಕ್ರೋಸಾಫ್ಟ್ ಮಾರ್ಚ್ ತಿಂಗಳಲ್ಲೇ ತೇಪೆ ಬಿಡುಗಡೆ ಮಾಡಿತ್ತು.

ಕಡತಗಳಿಗೇ ಬೀಗ ಬಿದ್ದಿದ್ದರೆ

ಫೋಟೋಗಳ ಹೆಸರಿನ ಕೊನೆಗೆ ಅಪರಿಚಿತ ಬಾಲ ಸೇರಿಕೊಂಡು, ಹಣ ಕೇಳುವ ಓಲೆಯೊಂದು ಪ್ರತಿ ಫೋಲ್ಡರಿನಲ್ಲೂ ಕಂಡರೆ ಅದು ರ‍್ಯಾನ್ಸಮ್‌ವೇರ್. ಕೂಡಲೇ ಇಂಟರ್‌ನೆಟ್ ಮತ್ತು ಹೊರಗಿನ ಡಿಸ್ಕುಗಳನ್ನು ಕಳಚಬೇಕು. ಹಣ ಕಳುಹಿಸಬಾರದು, ಬೀಗ ಬಿದ್ದ ಕಡತಗಳನ್ನು ಅಳಿಸಲೂ ಬಾರದು. ಯೂರೋಪೋಲ್, ನೆದರ್ಲೆಂಡ್ಸ್ ಪೊಲೀಸರು ಮತ್ತು ಭದ್ರತಾ ಕಂಪನಿಗಳು 2016ರಲ್ಲಿ ಆರಂಭಿಸಿದ ‘ನೋ ಮೋರ್ ರ‍್ಯಾನ್ಸಮ್’ ತಾಣದಲ್ಲಿ ಕೆಲವು ಬಗೆಗಳಿಗೆ ಬೀಗದ ಕೈ ಉಚಿತವಾಗಿ ಸಿಗುತ್ತದೆ, ಇಂದು ಇಲ್ಲದ್ದು ಮುಂದೆ ಬರಲೂಬಹುದು. ಬ್ಯಾಂಕಿನ ಹಣ ಹೋಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ತಡಮಾಡದೆ ಕರೆ ಮಾಡಬೇಕು.

ಫಾರ್ಮ್ಯಾಟ್ ಯಾವಾಗ

ಕಳ್ಳ ಆಕ್ಟಿವೇಟರಿನಿಂದ ಬಂದ ಸೋಂಕು, ಗುಪ್ತಪದ ಕದಿಯುವ ಬಗೆಯ ಸೋಂಕು, ಆಫ್‌ಲೈನ್ ಸ್ಕ್ಯಾನಿನ ಬಳಿಕವೂ ಮರಳುವ ಸೋಂಕು, ಈ ಮೂರರಲ್ಲಿ ನಾನು ದುರಸ್ತಿಯ ಪರವಲ್ಲ. ಹೊಸದಾಗಿ ವಿಂಡೋಸ್ ಹಾಕುವುದೇ ಸರಿ. ಆರೋಗ್ಯವಂತ ಬೇರೊಂದು ಕಂಪ್ಯೂಟರಿನಲ್ಲಿ ಮೈಕ್ರೋಸಾಫ್ಟಿನ ಮೀಡಿಯಾ ಕ್ರಿಯೇಷನ್ ಟೂಲ್ ಬಳಸಿ 8 ಜಿಬಿಯ ಖಾಲಿ ಪೆನ್‌ಡ್ರೈವನ್ನು ಸಿದ್ಧಪಡಿಸಿಕೊಳ್ಳಬಹುದು. ಅಸಲಿ ವಿಂಡೋಸಿನೊಡನೆ ಬಂದ ಲ್ಯಾಪ್‌ಟಾಪ್ ಇಂಟರ್‌ನೆಟ್ ಸಿಕ್ಕಿದೊಡನೆ ತನ್ನ ಪರವಾನಗಿಯನ್ನು ತಾನೇ ಗುರುತಿಸಿಕೊಳ್ಳುತ್ತದೆ. ಬ್ಯಾಕಪ್ ಮಾಡುವಾಗ ದಾಖಲೆ, ಚಿತ್ರ, ವೀಡಿಯೋಗಳನ್ನು ಮಾತ್ರ ತೆಗೆದುಕೊಂಡು, ಇನ್‌ಸ್ಟಾಲ್ ಮಾಡುವ ಕಡತಗಳನ್ನು ಬಿಡಬೇಕು. ಇಮೇಲ್ ಮತ್ತು ಬ್ಯಾಂಕಿನ ಗುಪ್ತಪದಗಳನ್ನು ಬೇರೊಂದು ಸಾಧನದಿಂದ ಬದಲಾಯಿಸಿ, ‘ಎಲ್ಲ ಸಾಧನಗಳಿಂದ ಸೈನ್ ಔಟ್’ ಎಂಬುದನ್ನೂ ಒತ್ತಬೇಕು. ಲಾಗಿನ್ ಆಗಿರುವುದನ್ನು ನೆನಪಿಡುವ ಬ್ರೌಸರಿನ ಕುಕಿಗಳನ್ನು ಕದ್ದವರಿಗೆ ಗುಪ್ತಪದದ ಅಗತ್ಯವೇ ಇರುವುದಿಲ್ಲ.

ಕೆಲಸವನ್ನು ಅಂಗಡಿಗೆ ಕೊಡುವುದಾದರೆ ಮೂರು ಮಾತುಗಳನ್ನು ಮೊದಲೇ ಸ್ಪಷ್ಟಪಡಿಸಬೇಕು: ಅಸಲಿ ವಿಂಡೋಸನ್ನೇ ಹಾಕಬೇಕು, ಯಾವ ಆಕ್ಟಿವೇಟರೂ ಬೇಡ, ಕೇಳದೆ ಆಂಟಿವೈರಸ್ ಹಾಕಬಾರದು. ಕಂಪ್ಯೂಟರ್ ಮನೆಗೆ ಬಂದ ಮೇಲೆ ಐಕಾರ್ ಪರೀಕ್ಷಾ ಕಡತವನ್ನು ಇಳಿಸಿ ನೋಡಬಹುದು. ಅದು ನಿಜವಾದ ವೈರಸ್ ಅಲ್ಲ, ಆಂಟಿವೈರಸ್‌ಗಳ ಪರೀಕ್ಷೆಗೆಂದೇ ಒಪ್ಪಿಕೊಂಡಿರುವ 68 ಅಕ್ಷರಗಳ ನಿರುಪದ್ರವಿ ಸಾಲು. ಇಳಿಸಿದ ತಕ್ಷಣ ಡಿಫೆಂಡರ್ ಅದನ್ನು ಹಿಡಿಯಬೇಕು. ಹಿಡಿಯದಿದ್ದರೆ ಎಕ್ಸ್‌ಕ್ಲೂಷನ್ಸ್ ಪಟ್ಟಿಯನ್ನೂ ರಿಯಲ್ ಟೈಮ್ ಪ್ರೊಟೆಕ್ಷನ್ ಗುಂಡಿಯನ್ನೂ ಮತ್ತೊಮ್ಮೆ ನೋಡಿ, ಅವೆರಡೂ ಸರಿಯಾಗುವವರೆಗೆ ಡ್ರಾಯರಿನ ಪೆನ್‌ಡ್ರೈವುಗಳನ್ನು ಹೊರತೆಗೆಯಬಾರದು.